ಗಡಿಯಾಚೆಯ ಕಾರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಜಿಲ್ಲೆಗಳಿಗೆ ಆಂಧ್ರದ ಗಡಿ ಇದೆ, ಕೋಲಾರಕ್ಕೆ ತಮಿಳುನಾಡಿನದೂ ಇದೆ. ಹಾಗಾಗಿ ಹೊರಗಿನ ಗಾಡಿಯ ಪ್ರಶ್ನೆಗಳು ಈ ಕಡೆಯಿಂದ ಸದಾ ಬರುತ್ತವೆ. ಈ ಸಲ ಎರಡು ಮೂರು ಪತ್ರಗಳು ರಾಜ್ಯದ ಗಡಿಯನ್ನೂ ಮೀರಿ ಭೂತಾನ್, ನೇಪಾಳದವರೆಗೆ ಹೋಗಿವೆ. ಮೊದಲು ಅವು.

ಪ್ರಶ್ನೆ: ಸಿಲಿಗುರಿಯಲ್ಲಿ ವ್ಯಾಪಾರ ಮಾಡುವ ಪರಿಚಯದವರೊಬ್ಬರು ಭೂತಾನ್ ಸೇನೆ ಹರಾಜು ಹಾಕಿದ ಲ್ಯಾಂಡ್ ಕ್ರೂಸರ್ ಒಂದಿದೆ, ಹಿಮಾಚಲದ ನಂಬರ್ ಆಗಲೇ ಆಗಿದೆ, ಆರ್‌ಸಿ ಕೈಯಲ್ಲಿದೆ, 9 ಲಕ್ಷಕ್ಕೆ ಕೊಡಿಸುತ್ತೇನೆ ಅಂತಾರೆ. ಗಾಡಿ 2009ರದ್ದು. ಮಾವಿನ ತೋಟದ ದಾರಿಗೆ ಹೇಳಿ ಮಾಡಿಸಿದ ಹಾಗಿದೆ. ತಗೊಳ್ಳಬಹುದೇ?
— ಶ್ರೀನಿವಾಸಪುರದ ಓದುಗರು

ಬೇಡ. ಮುಂಗಡವನ್ನೂ ಕೊಡಬೇಡಿ.

ಬಳಸಿದ ಕಾರನ್ನು ಭಾರತಕ್ಕೆ ತರಲು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಷರತ್ತುಗಳಿವೆ. ತಯಾರಾದ ದಿನದಿಂದ 3 ವರ್ಷ ದಾಟಿರಬಾರದು. ಸ್ಟಿಯರಿಂಗ್ ಬಲಗಡೆ ಇರಬೇಕು, ಸ್ಪೀಡೋಮೀಟರ್ ಕಿಲೋಮೀಟರಿನಲ್ಲಿರಬೇಕು, ಹೆಡ್‌ಲೈಟಿನ ಬೆಳಕು ಎಡಬದಿ ಸಂಚಾರಕ್ಕೆ ಹೊಂದಬೇಕು. ಇನ್ನು 5 ವರ್ಷ ರಸ್ತೆಯಲ್ಲಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ ಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಹಳೆಯ ಗಾಡಿ ಒಳಗೆ ಬರುವುದು ಮುಂಬೈ ಬಂದರಿನಿಂದ ಮಾತ್ರ. ಭೂತಾನಿನ ಫುಂಟ್‌ಶೋಲಿಂಗ್‌ನಿಂದ ಈಚೆಯ ಜೈಗಾಂವ್‌ಗೆ ರಸ್ತೆಯಲ್ಲಿ ಓಡಿಸಿಕೊಂಡು ಬಂದ ಹಳೆಯ ಗಾಡಿಗೆ ಇಲ್ಲಿ ಶಾಶ್ವತ ನೋಂದಣಿಯ ಕಾನೂನುಬದ್ಧ ದಾರಿಯೇ ಇಲ್ಲ. ಭೂತಾನಿನ ಜೊತೆ ನಮಗೆ ಮುಕ್ತ ವ್ಯಾಪಾರ ಒಪ್ಪಂದ ಇದೆಯಲ್ಲ ಎಂದು ದಲ್ಲಾಳಿಗಳು ವಾದ ಹೂಡುತ್ತಾರೆ. ಆ ಒಪ್ಪಂದ ಜಪಾನಿನಲ್ಲಿ ತಯಾರಾದ ಹಳೆಯ ಕಾರಿಗೆ ಈ ಷರತ್ತುಗಳಿಂದ ವಿನಾಯಿತಿ ಕೊಡುವುದಿಲ್ಲ.

ಇದು ಬರೀ ಕಾಗದದ ಮೇಲಿನ ಮಾತಲ್ಲ. 2025ರ ಸೆಪ್ಟೆಂಬರ್ 23ರಂದು ಕೊಚ್ಚಿಯ ಕಸ್ಟಮ್ಸ್ 'ಆಪರೇಷನ್ ನುಮ್ಖೋರ್' ಹೆಸರಿನಲ್ಲಿ ಕೇರಳದ ಹಲವೆಡೆ ದಾಳಿ ಮಾಡಿ ಮೊದಲ ದಿನವೇ 30ಕ್ಕೂ ಹೆಚ್ಚು ಗಾಡಿ ಹಿಡಿಯಿತು. ಭೂತಾನಿನಲ್ಲಿ ಹರಾಜಾದ ಗಾಡಿಗಳನ್ನು ಪ್ರವಾಸದ ನೆಪದಲ್ಲಿ ಓಡಿಸಿಕೊಂಡು, ಕಂಟೇನರಿನಲ್ಲಿಟ್ಟು, ಇಲ್ಲವೇ ಬಿಚ್ಚಿ ಬಿಡಿಭಾಗವೆಂದು ತೋರಿಸಿ ತಂದು, ಖೋಟಾ ದಾಖಲೆ ಕೊಟ್ಟು ಹಿಮಾಚಲ, ಅರುಣಾಚಲದಂಥ ರಾಜ್ಯಗಳಲ್ಲಿ ನೋಂದಣಿ ಮಾಡಿಸಿದ್ದಾರೆ ಎಂಬುದು ಕಸ್ಟಮ್ಸ್‌ನ ಆರೋಪ. ನೀವು ಬರೆದ ಗಾಡಿಯ ಚರಿತ್ರೆ ಅಕ್ಷರಶಃ ಇದೇ.

ಆರ್‌ಸಿ ಇದೆಯಲ್ಲ ಅನ್ನುವುದು ಎಲ್ಲರೂ ಎಡವುವ ಜಾಗ. ಆರ್‌ಸಿ ಕೊಡುವುದು ಸಾರಿಗೆ ಇಲಾಖೆ, ಆಮದು ಸುಂಕ ಕಟ್ಟಿಸಿಕೊಳ್ಳುವುದು ಕಸ್ಟಮ್ಸ್. ಒಂದು ಇನ್ನೊಂದಕ್ಕೆ ಸಾಕ್ಷಿಯಲ್ಲ. ಕಸ್ಟಮ್ಸ್ ಕಾಯ್ದೆಯ ಸೆಕ್ಷನ್ 111ರಲ್ಲಿ ಮುಟ್ಟುಗೋಲು ಬೀಳುವುದು ಗಾಡಿಯ ಮೇಲೆ. ಅದು ಮೂರನೇ ಕೈಗೆ ಹೋಗಿದ್ದರೂ, ಕೊಂಡವರಿಗೆ ಏನೂ ಗೊತ್ತಿಲ್ಲದಿದ್ದರೂ ಗಾಡಿ ಹೋಗುತ್ತದೆ. ಬಾಂಡ್, ಬ್ಯಾಂಕ್ ಗ್ಯಾರಂಟಿ ಕೊಟ್ಟು ತಾತ್ಕಾಲಿಕವಾಗಿ ಬಿಡಿಸಿಕೊಳ್ಳಲು ಸೆಕ್ಷನ್ 110ಎ ಇದೆ. ದಂಡ ಕಟ್ಟಿ ಉಳಿಸಿಕೊಳ್ಳಲು ಸೆಕ್ಷನ್ 125 ಇದೆ. ಆದರೆ ನಿಷೇಧಿತ ಸರಕಿನ ವಿಷಯದಲ್ಲಿ ಅದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು, ನಿಮ್ಮ ಹಕ್ಕಲ್ಲ.

ಯಾವುದೇ ಆಮದು ಗಾಡಿಯನ್ನು ಮನೆಯಲ್ಲೇ ಕೂತು ಒಂದು ಲೆಕ್ಕದಲ್ಲಿ ಜರಡಿ ಹಿಡಿಯಬಹುದು. ಆರ್‌ಸಿಯಲ್ಲಿ ತಯಾರಾದ ತಿಂಗಳು-ವರ್ಷ ಒಂದು ಕಡೆ, ಮೊದಲ ನೋಂದಣಿ ದಿನಾಂಕ ಇನ್ನೊಂದು ಕಡೆ ಇರುತ್ತದೆ. ಎರಡರ ನಡುವೆ 3 ವರ್ಷಕ್ಕಿಂತ ಜಾಸ್ತಿ ಅಂತರ ಕಂಡರೆ, ಉದಾಹರಣೆಗೆ 2009ರಲ್ಲಿ ತಯಾರಾಗಿ 2021ರಲ್ಲಿ ಮೊದಲ ಸಲ ನೋಂದಣಿಯಾಗಿದ್ದರೆ, ಅಲ್ಲಿಗೆ ಮಾತು ನಿಲ್ಲಿಸಿ. ಅಂತರ ಕಡಿಮೆ ಇದ್ದರೆ ಬಿಲ್ ಆಫ್ ಎಂಟ್ರಿ, ಅಂದರೆ ಆಮದಿನ ಹೊತ್ತಿಗೆ ಕಸ್ಟಮ್ಸ್‌ಗೆ ಸಲ್ಲಿಸಿದ ದಾಖಲೆ ಕೇಳಿ. ಅದರ ಸಂಖ್ಯೆ, ದಿನಾಂಕ, ಬಂದರಿನ ಸಂಕೇತ (ಮುಂಬೈ ಬಂದರಿಗೆ ಐಎನ್‌ಬಿಒಎಂ1) ಸಿಕ್ಕರೆ ಕಸ್ಟಮ್ಸ್‌ನ ಐಸ್‌ಗೇಟ್ ತಾಣದ ಸಾರ್ವಜನಿಕ ವಿಚಾರಣೆಯಲ್ಲಿ ಹಾಕಿ ನೋಡಬಹುದು. 'ಅದೆಲ್ಲ ಏಜೆಂಟ್ ಹತ್ತಿರ ಇದೆ, ಆಮೇಲೆ ಕಳಿಸುತ್ತೇನೆ' ಅಂದರೆ ಕಾಗದವೇ ಇಲ್ಲ ಎಂದು ತಿಳಿಯಿರಿ. ತೋಟದ ದಾರಿಗೆ ಫೋರ್‌ವೀಲ್ ಗಾಡಿಯೇ ಬೇಕಿದ್ದರೆ ಇಲ್ಲೇ ಹುಟ್ಟಿ ಇಲ್ಲೇ ಓಡಿದ ಬೊಲೆರೊ, ಥಾರ್, ಜಿಪ್ಸಿ ಇವೆ. ಅವುಗಳ ಸ್ಪೇರ್ ಚಿಂತಾಮಣಿಯಲ್ಲೇ ಸಿಗುತ್ತದೆ.

ಪ್ರಶ್ನೆ: ಮಗ ಕಠ್ಮಂಡುವಿನಲ್ಲಿ ಕೆಲಸದಲ್ಲಿದ್ದಾನೆ. ಎರಡು ವರ್ಷದ ಹಿಂದೆ ಅಲ್ಲೇ 1200 ಸಿಸಿ ಒಳಗಿನ ಸಣ್ಣ ಪೆಟ್ರೋಲ್ ಕಾರು ಹೊಸದಾಗಿ ಕೊಂಡ. ಊರಿಗೆ ಬರುವಾಗ ತರುತ್ತೇನೆ ಅನ್ನುತ್ತಾನೆ. ಮನೆ ಸಾಮಾನಿನ ಜೊತೆ ಬಂದರೆ ಸುಂಕ ಬೀಳುವುದಿಲ್ಲವಂತೆ, ನಿಜವೇ?
— ತುಮಕೂರಿನ ಓದುಗರು

ನಿಜವಲ್ಲ. ವಿದೇಶದಿಂದ ನೆಲೆ ಬದಲಿಸಿ ಬರುವವರಿಗೆ ಮನೆ ಸಾಮಾನಿನ ಮೇಲೆ ರಿಯಾಯಿತಿ ಇದೆ. ಆ ಪಟ್ಟಿಯಲ್ಲಿ ಕಾರು ಇಲ್ಲ. ಕಾರು ಲಗೇಜ್ ಅಲ್ಲ, ಅದಕ್ಕೆ ಪೂರ್ತಿ ಸುಂಕ.

ಎಷ್ಟು ಬೀಳುತ್ತದೆ ಎಂದು ಕೂಡಿಸಿ ನೋಡಿ. ಬಳಸಿದ ಕಾರಿನ ಮೇಲೆ ಮೊದಲು ಶೇ 125 ಮೂಲ ಸುಂಕ, ಅದರ ಮೇಲೊಂದು ಸರ್‌ಚಾರ್ಜ್ ಇತ್ತು. 2025ರ ಬಜೆಟ್‌ನಲ್ಲಿ ಮೂಲ ಸುಂಕವನ್ನು ಶೇ 70ಕ್ಕೆ ಇಳಿಸಿದರು ಎಂದು ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ಅದೇ ಹೊತ್ತಿಗೆ ಶೇ 67.5 ಕೃಷಿ ಮೂಲಸೌಕರ್ಯ ಸೆಸ್ ಸೇರಿಸಿದ್ದು ಸಣ್ಣದಾಗಿ ಬಂತು. ಒಟ್ಟು ಶೇ 137.5, ಅಂದರೆ ಮೊದಲಿನಷ್ಟೇ. ಇದರ ಮೇಲೆ ಐಜಿಎಸ್‌ಟಿ, ಅಂದರೆ ಆಮದಿಗೆ ಬೀಳುವ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ 1200 ಸಿಸಿ ಹಾಗೂ 4 ಮೀಟರ್ ಉದ್ದದೊಳಗಿನ ಪೆಟ್ರೋಲ್ ಕಾರಿಗೆ ಶೇ 18, ಅದಕ್ಕಿಂತ ದೊಡ್ಡದಕ್ಕೆ ಶೇ 40.

ಸಾಗಣೆ, ವಿಮೆ ಸೇರಿ ಕಸ್ಟಮ್ಸ್ ಒಪ್ಪಿದ ಬೆಲೆ 10 ಲಕ್ಷ ಎಂದಿಟ್ಟುಕೊಳ್ಳಿ. ಸುಂಕ 13.75 ಲಕ್ಷ. ಎರಡೂ ಸೇರಿ 23.75 ಲಕ್ಷ. ಅದರ ಮೇಲೆ ಶೇ 18 ಅಂದರೆ 4,27,500. ಬಂದರಿನ ಗೇಟ್ ದಾಟುವ ಹೊತ್ತಿಗೆ ಗಾಡಿ 28,02,500 ರೂಪಾಯಿ ಆಗಿರುತ್ತದೆ. ದೊಡ್ಡ ಕಾರಾದರೆ ಅದೇ ಲೆಕ್ಕ 33.25 ಲಕ್ಷಕ್ಕೆ ಏರುತ್ತದೆ. ಮುಂದೆ ಕರ್ನಾಟಕದ ಜೀವಿತಾವಧಿ ತೆರಿಗೆ, ಪರೀಕ್ಷಾ ಸಂಸ್ಥೆಯ ಶುಲ್ಕ, ಬಂದರಿನ ಬಾಡಿಗೆ ಬೇರೆ.

'ಕಸ್ಟಮ್ಸ್ ಒಪ್ಪಿದ ಬೆಲೆ' ಅಂದದ್ದಕ್ಕೆ ಕಾರಣವಿದೆ. ಮಾರಿದವರ ರಸೀದಿಯಲ್ಲಿ ಕಡಿಮೆ ಬರೆಸಿಕೊಂಡು ಬಂದರೆ ನಡೆಯುವುದಿಲ್ಲ. ಆ ಮಾದರಿ ಹೊಸದಾಗಿದ್ದಾಗ ತಯಾರಕರ ಬೆಲೆ ಎಷ್ಟಿತ್ತೋ ಅಲ್ಲಿಂದ ಸವಕಳಿ ಕಳೆಯುತ್ತಾರೆ: ಮೊದಲ ವರ್ಷ ಪ್ರತಿ ಮೂರು ತಿಂಗಳಿಗೆ ಶೇ 4, ಎರಡನೇ ವರ್ಷ ಶೇ 3, ಮೂರನೇ ವರ್ಷ ಶೇ 2.5.

ಇನ್ನು ಮೂರು ವರ್ಷದ ಮಿತಿ. ಅದು ಕೊಂಡ ದಿನದಿಂದಲ್ಲ, ತಯಾರಾದ ದಿನದಿಂದ. ಷೋರೂಮಿನಲ್ಲಿ ಐದಾರು ತಿಂಗಳು ನಿಂತಿದ್ದ ಗಾಡಿಯಾದರೆ ನಿಮ್ಮ ಮಗ ಮುಂದಿನ ವರ್ಷ ಹೊರಡುವ ಹೊತ್ತಿಗೆ ಅವಧಿ ಮುಗಿದಿರುತ್ತದೆ. ಸಮುದ್ರವೇ ಇಲ್ಲದ ನೇಪಾಳದಿಂದ ಮುಂಬೈ ಬಂದರಿಗೆ ಗಾಡಿ ಮುಟ್ಟಿಸುವ ಹಡಗಿನ ಲೆಕ್ಕವನ್ನು ಇಲ್ಲಿ ಹಾಕಿಯೇ ಇಲ್ಲ. ನೇಪಾಳ ಸರ್ಕಾರ ಕಾರಿಗೆ ಭಾರಿ ತೆರಿಗೆ ಹಾಕುವುದರಿಂದ ಅಲ್ಲಿ ಹಳೆಯ ಕಾರಿಗೂ ಒಳ್ಳೆಯ ಬೆಲೆ ಇರುತ್ತದೆ. ಅಲ್ಲೇ ಮಾರಿ ಬರಲಿ, ಆ ಹಣದಲ್ಲಿ ಇಲ್ಲಿ ಹೊಸದೇ ಬರಬಹುದು. ಶ್ರೀಲಂಕಾದಿಂದ ತರುವ ಯೋಚನೆ ಇರುವವರಿಗೂ ಇದೇ ಮಾತು. 2020ರಿಂದ ಸುಮಾರು ಐದು ವರ್ಷ ಅಲ್ಲಿ ಕಾರಿನ ಆಮದೇ ನಿಂತಿತ್ತು, ಹಳೆಯ ಗಾಡಿಯ ಬೆಲೆ ಕೇಳುವ ಹಾಗಿಲ್ಲ. ದುಬೈನಿಂದ ಕೇಳುವವರಿಗೆ ಉತ್ತರ ಇನ್ನೂ ಚಿಕ್ಕದು: ಅಲ್ಲಿಯದು ಎಡಗಡೆ ಸ್ಟಿಯರಿಂಗ್, ಆಗುವುದಿಲ್ಲ.

ಪ್ರಶ್ನೆ: ಮಲೇಷ್ಯಾದಲ್ಲಿರುವ ಷಡ್ಡಕರು ತಮ್ಮ ಕಾರನ್ನು ಹಡಗಿನಲ್ಲಿ ಚೆನ್ನೈಗೆ ತಂದು, ನಾಲ್ಕು ತಿಂಗಳು ಇಲ್ಲೆಲ್ಲ ಸುತ್ತಿ ವಾಪಸ್ ಒಯ್ಯುತ್ತಾರಂತೆ. ಸುಂಕ ಕಟ್ಟಬೇಕೇ?
— ಗೌರಿಬಿದನೂರಿನ ಓದುಗರು

ಕಾರ್ನೆ ಇದ್ದರೆ ಬೇಡ. ಅದು ಅವರ ದೇಶದ ಆಟೊಮೊಬೈಲ್ ಸಂಘ ಠೇವಣಿ ಇಟ್ಟುಕೊಂಡು ಕೊಡುವ ಪುಸ್ತಕ, ಗಾಡಿಯ ಪಾಸ್‌ಪೋರ್ಟ್ ಇದ್ದ ಹಾಗೆ. ಭಾರತದಲ್ಲಿ 6 ತಿಂಗಳು ಇರಬಹುದು. ಪ್ರತಿ ಹಾಳೆಯಲ್ಲೂ ಮೂರು ಭಾಗ: ಒಳಬರುವಾಗ ಹರಿದುಕೊಳ್ಳುವುದು, ಹೊರಹೋಗುವಾಗ ಹರಿದುಕೊಳ್ಳುವುದು, ಪುಸ್ತಕದಲ್ಲೇ ಉಳಿಯುವ ಪಟ್ಟಿ. ಆ ಉಳಿಯುವ ಪಟ್ಟಿಯಲ್ಲಿ ಎರಡು ಸೀಲೂ ಬಿದ್ದಿರಬೇಕು. ಹೊರಡುವ ಗಡಿಬಿಡಿಯಲ್ಲಿ ಎರಡನೇ ಸೀಲ್ ಹಾಕಿಸದೆ ಹೋದರೆ ಗಾಡಿ ಇಲ್ಲೇ ಉಳಿದಿದೆ ಎಂದೇ ಅರ್ಥ. ಕಸ್ಟಮ್ಸ್ ಆ ಸಂಘದಿಂದ ಸುಂಕ ಕೇಳುತ್ತದೆ, ಸಂಘ ಠೇವಣಿಯಿಂದ ಮುರಿದುಕೊಳ್ಳುತ್ತದೆ. ಇಲ್ಲಿರುವಾಗ ಗಾಡಿಯನ್ನು ಮಾರುವ, ಬಾಡಿಗೆಗೆ ಬಿಡುವ ಹಾಗಿಲ್ಲ. ಚೆನ್ನೈ ಬಂದರಿನಲ್ಲಿ ಕ್ಲಿಯರಿಂಗ್ ಏಜೆಂಟನ್ನು ಮೊದಲೇ ಗೊತ್ತು ಮಾಡಿಕೊಳ್ಳಲಿ, ಕಂಟೇನರ್ ನಿಂತಷ್ಟು ದಿನವೂ ಬಾಡಿಗೆ ಏರುತ್ತದೆ.

ಪ್ರಶ್ನೆ: ಕೃಷ್ಣಗಿರಿಯಲ್ಲಿ 2020ರ ಕಾರು ನೋಡಿದ್ದೇನೆ. ನಮ್ಮೂರಿನ ಬೆಲೆಗಿಂತ ಒಂದು ಲಕ್ಷ ಕಡಿಮೆ. ಹೊಸದಾಗಿದ್ದಾಗ 8 ಲಕ್ಷದ ಗಾಡಿ. ತಮಿಳುನಾಡಿನಲ್ಲಿ ಲೈಫ್ ಟ್ಯಾಕ್ಸ್ ಕಟ್ಟಿದೆ. ಕೋಲಾರದ ನಂಬರ್ ಮಾಡಿಸಲು ಏನೇನು ಬೇಕು? ಒಂದು ವರ್ಷ ಹಾಗೇ ಓಡಿಸಬಹುದು ಅನ್ನುತ್ತಾರೆ.
— ಮುಳಬಾಗಿಲಿನ ಓದುಗರು

ಕೊನೆಯ ಮಾತಿನಿಂದ ಶುರು ಮಾಡೋಣ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 47ರಲ್ಲಿ 12 ತಿಂಗಳ ಮಾತು ಇರುವುದು ಹೊರರಾಜ್ಯದಲ್ಲಿ ನೋಂದಣಿಯಾದ ಗಾಡಿಯನ್ನು ಇಲ್ಲಿ ಇಟ್ಟುಕೊಂಡ ಮಾಲೀಕರಿಗೆ. ನೀವು ಕೊಳ್ಳುವವರು. ಕೊಂಡವರಿಗೆ ಸೆಕ್ಷನ್ 50 ಇದೆ, 30 ದಿನದೊಳಗೆ ನೀವು ವಾಸವಿರುವ ಕಡೆಯ ಕಚೇರಿಯಲ್ಲಿ ಮಾಲೀಕತ್ವ ಬದಲಾವಣೆಗೆ ಅರ್ಜಿ ಹಾಕಬೇಕು. ಹಣ ಕೊಟ್ಟು, ಹಳೆಯವರ ಹೆಸರಿನಲ್ಲೇ ಒಂದು ವರ್ಷ ಓಡಿಸಿದರೆ ಅಪಘಾತವಾದ ದಿನ ನಿಮಗೂ ಕಷ್ಟ, ಮಾರಿದವರಿಗೂ ಕಷ್ಟ. ದಾಖಲೆಯಲ್ಲಿ ಮಾಲೀಕರು ಅವರೇ ತಾನೆ.

ಈಗ ಆ ಒಂದು ಲಕ್ಷದ ಉಳಿತಾಯ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ಜೀವಿತಾವಧಿ ತೆರಿಗೆ ಶೇ 14, ಅಂದರೆ ನಿಮ್ಮ 8 ಲಕ್ಷಕ್ಕೆ 1,12,000. ಹಳೆಯ ಗಾಡಿಗೆ ವಯಸ್ಸಿನ ಮೇಲೆ ಇಳಿಕೆ ಇದೆ. 5 ದಾಟಿ 6 ವರ್ಷ ತುಂಬದ ಗಾಡಿಗೆ ಇದರ ಶೇ 69, ಅಂದರೆ 77,280. ಮೇಲೆ ಉಪಕರ. ಲೆಕ್ಕ ಹಾಕುವುದು ನೀವು ಕೊಟ್ಟ ಬೆಲೆಯ ಮೇಲಲ್ಲ, ಗಾಡಿಯ ಮೂಲ ಬೆಲೆಯ ಮೇಲೆ. ಹಳೆಯ ಗಾಡಿ 3 ಲಕ್ಷಕ್ಕೆ ಸಿಕ್ಕಿತು, ತೆರಿಗೆಯೂ ಅದಕ್ಕೇ ಎಂದುಕೊಂಡವರು ಕೌಂಟರಿನಲ್ಲಿ ಬೆಚ್ಚಿಬೀಳುತ್ತಾರೆ. ಗಡಿಯಾಚೆ ಗಾಡಿ ಅಗ್ಗ ಕಾಣುವುದಕ್ಕೆ ಮುಖ್ಯ ಕಾರಣವೇ ಇದು: ನಾಳೆ ನೀವು ಕಟ್ಟಬೇಕಾದ ತೆರಿಗೆಯನ್ನು ಮಾರುವವರು ಇವತ್ತು ಬೆಲೆಯಲ್ಲಿ ಬಿಟ್ಟುಕೊಟ್ಟಿರುತ್ತಾರೆ, ಅಷ್ಟೆ.

ಆದರೂ ಗಾಡಿ ಚೆನ್ನಾಗಿದೆ, ಮನಸ್ಸಿಗೆ ಹಿಡಿಸಿದೆ ಅಂದರೆ ತರಬಹುದು. ಕ್ರಮ ಹೀಗೆ.

ಮೊದಲು ಸಾಲ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಮಾರುವವರು ಸಾಲ ತೀರಿಸಿ, ನಮೂನೆ 35 ಎರಡು ಪ್ರತಿ ಮತ್ತು ಬ್ಯಾಂಕಿನ ಪತ್ರ ತಂದು ಅಲ್ಲೇ ಹೆಸರು ತೆಗೆಸಬೇಕು. ಬ್ಯಾಂಕಿನ ಪತ್ರಕ್ಕೆ ಸಾಮಾನ್ಯವಾಗಿ ಮೂರು ತಿಂಗಳ ಆಯಸ್ಸು, ಸಾಲ ಯಾವಾಗಲೋ ತೀರಿಸಿ ಪತ್ರವನ್ನು ಬೀರುವಿನಲ್ಲಿಟ್ಟವರು ಹೊಸದು ತರಬೇಕಾಗುತ್ತದೆ.

ನಂತರ ಎನ್‌ಒಸಿ. ಗಾಡಿ ಬೇರೆ ಕಡೆ ಹೋಗಲು ಹಳೆಯ ಕಚೇರಿ ಕೊಡುವ ನಿರಾಕ್ಷೇಪಣಾ ಪತ್ರ. ಇದು ನಮೂನೆ 28, ಕೃಷ್ಣಗಿರಿ ಕಚೇರಿಯಲ್ಲಿ ಮಾರುವವರೇ ಅರ್ಜಿ ಹಾಕಬೇಕು. ಆರ್‌ಸಿ, ಚಾಲ್ತಿ ವಿಮೆ, ಹೊಗೆ ತಪಾಸಣೆ ಪತ್ರ, ತೆರಿಗೆ ರಸೀದಿ ಜೊತೆಗೆ ಚಾಸಿ ನಂಬರಿನ ಪೆನ್ಸಿಲ್ ಅಚ್ಚು ಬೇಕು. ಅಚ್ಚು ತೆಗೆಯುವ ಮುಂಚೆ ಆ ಜಾಗವನ್ನು ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಡಿ, ತೆಳು ಕಾಗದ ಬಿಗಿಯಾಗಿ ಹಿಡಿದು ಪೆನ್ಸಿಲ್ಲಿನ ಮಗ್ಗುಲಿನಿಂದ ಉಜ್ಜಿ. ಒಂದಕ್ಷರ ಮಸುಕಾದರೂ ವಾಪಸ್ ಕಳಿಸುತ್ತಾರೆ. ನಾಲ್ಕು ಅಚ್ಚು ಒಟ್ಟಿಗೇ ತೆಗೆದಿಟ್ಟುಕೊಳ್ಳಿ, ಕೋಲಾರದಲ್ಲೂ ಬೇಕಾಗುತ್ತದೆ. ಆಗ ಪ್ರತಿ ಅಂಕಿಯನ್ನೂ ಬೆರಳಿಟ್ಟು ಆರ್‌ಸಿಯ ಜೊತೆ ತಾಳೆ ನೋಡಿ. 8 ಇರುವ ಕಡೆ ಬಿ, 0 ಇರುವ ಕಡೆ ಡಿ ಎಂದು ವರ್ಷಗಳ ಹಿಂದೆ ಯಾರೋ ಟೈಪ್ ಮಾಡಿದ್ದು ಇಲ್ಲಿ ಸಿಕ್ಕಿಬೀಳುತ್ತದೆ. ಅದನ್ನು ಹಳೆಯ ಕಚೇರಿಯಲ್ಲೇ ತಿದ್ದಿಸಬೇಕು, ಕೋಲಾರದವರು ಮುಟ್ಟುವುದಿಲ್ಲ.

ಬಾಕಿ ಇ-ಚಲನ್ ಒಂದಿದ್ದರೂ ಎನ್‌ಒಸಿ ಬರುವುದಿಲ್ಲ. ಗಾಡಿ ಕಳವಿನದ್ದಲ್ಲ ಎಂಬ ವರದಿಯನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ (ಎನ್‌ಸಿಆರ್‌ಬಿ) ವಾಹನ್ ಸಮನ್ವಯ್ ತಾಣದಿಂದ ನೀವೇ ಪಡೆಯಬಹುದು. ಇದಕ್ಕೆ ಏಜೆಂಟ್ ಸಾವಿರ ರೂಪಾಯಿ ಕೇಳಿದರೆ ಕೊಡಬೇಡಿ.

ಎನ್‌ಒಸಿ ಯಾವ ಕಚೇರಿಗೆ ಎಂದು ಬರೆಸುವಾಗ ಹುಷಾರು. 'ಕರ್ನಾಟಕ' ಎಂದರೆ ಸಾಲದು. ಕೋಲಾರ ಕೆಎ 07, ಕೆಜಿಎಫ್ ಕೆಎ 08, ಚಿಕ್ಕಬಳ್ಳಾಪುರ ಕೆಎ 40, ಚಿಂತಾಮಣಿ ಕೆಎ 67. ನಿಮ್ಮ ವಿಳಾಸದ ಪುರಾವೆ ಯಾವ ಕಚೇರಿಯ ವ್ಯಾಪ್ತಿಗೆ ಬರುತ್ತದೋ ಅದೇ ಇರಬೇಕು. ಬೆಂಗಳೂರಿನ ಕಚೇರಿಯ ಹೆಸರು ಬರೆಸಿಕೊಂಡು ಬಂದರೆ ರದ್ದು ಮಾಡಿಸಲು ಮತ್ತೆ ಕೃಷ್ಣಗಿರಿಗೇ ಹೋಗಬೇಕು, ಅದೂ ಹಣ ತಗೊಂಡು ಫೋನ್ ಎತ್ತದ ಮಾಲೀಕರ ಸಹಿ ಹಿಡಿದು.

ಅದಕ್ಕೇ ಹಣದ ವಿಷಯದಲ್ಲಿ ನಮ್ಮ ಸಲಹೆ: ಸಣ್ಣ ಮುಂಗಡ ಮೊದಲು, ಎನ್‌ಒಸಿ ಕೈಗೆ ಬಂದ ದಿನ ಬಾಕಿ. ಆ ದಿನವೇ ಮಾಲೀಕತ್ವ ಬದಲಾವಣೆಯ ನಮೂನೆ 29 ಎರಡು ಪ್ರತಿ ಮತ್ತು ನಮೂನೆ 30ಕ್ಕೆ ಮಾರುವವರ ಸಹಿ ಮಾಡಿಸಿಕೊಳ್ಳಿ. ಸಹಿ ಆರ್‌ಸಿಗೆ ಅರ್ಜಿ ಹಾಕುವಾಗ ಇದ್ದ ಸಹಿಯಂತೆಯೇ ಇರಲಿ. ಅವರ ಆಧಾರ್, ಪ್ಯಾನ್ ನಕಲಿನ ಮೇಲೂ ಸಹಿ ಇರಲಿ.

ಕೋಲಾರದಲ್ಲಿ ನಮೂನೆ 27 (ಹೊಸ ನಂಬರಿಗೆ), 29, 30, ಎನ್‌ಒಸಿ, ಮೂಲ ಆರ್‌ಸಿ, ವಿಮೆ, ಹೊಗೆ ಪತ್ರ, ವಿಳಾಸದ ಪುರಾವೆ ಸೇರಿಸಿ ಅರ್ಜಿ. ಅರ್ಜಿ ಶುರುವಾಗುವುದು ಪರಿವಾಹನ್ ತಾಣದಲ್ಲಿ, ಆಮೇಲೆ ಗಾಡಿಯನ್ನು ಕಚೇರಿಗೆ ಒಯ್ದು ಬ್ರೇಕ್ ಇನ್‌ಸ್ಪೆಕ್ಟರರಿಗೆ ತೋರಿಸಬೇಕು. ಕೇಂದ್ರದ ಶುಲ್ಕ ಕಾರಿಗೆ ಹೊಸ ನಂಬರಿಗೆ 600, ಹೆಸರು ಬದಲಾವಣೆಗೆ 300. ದೊಡ್ಡ ಮೊತ್ತ ತೆರಿಗೆಯದೇ. ಇನ್‌ಸ್ಪೆಕ್ಟರರು ನೋಡುವುದು ಚಾಸಿ, ಎಂಜಿನ್ ನಂಬರ್, ಬಣ್ಣ, ಆಮೇಲೆ ಸೇರಿಸಿದ ಗ್ಯಾಸ್ ಕಿಟ್. ಆರ್‌ಸಿಯಲ್ಲಿ ಇಲ್ಲದ ಸಿಎನ್‌ಜಿ ಸಿಲಿಂಡರ್ ಡಿಕ್ಕಿಯಲ್ಲಿ ಕೂತಿದ್ದರೆ ಆ ದಿನದ ಕೆಲಸ ಕೆಟ್ಟ ಹಾಗೆ. ಎನ್‌ಒಸಿಗೆ ಸಾಮಾನ್ಯವಾಗಿ ಆರು ತಿಂಗಳ ಗಡುವು, ಹೊಸ ನಂಬರ್ ಬಂದ ಮೇಲೆ ಎಚ್‌ಎಸ್‌ಆರ್‌ಪಿ ಹಲಗೆಯೂ ಹೊಸದು, ಫಾಸ್ಟ್ಯಾಗ್ ಕೂಡ ಹೊಸದು. ಹಳೆಯದನ್ನು ಮಾರಿದವರ ಕೈಯಲ್ಲೇ ಮುಚ್ಚಿಸಿ.

ವಿಮೆಯನ್ನು ಹೆಸರು ಬದಲಾದ 14 ದಿನದೊಳಗೆ ವರ್ಗಾಯಿಸಿಕೊಳ್ಳಬೇಕು. ಮೂರನೆಯವರಿಗೆ ಆದ ಹಾನಿಯ ರಕ್ಷಣೆ ತಾನಾಗಿ ಮುಂದುವರಿಯುತ್ತದೆ, ನಿಮ್ಮ ಗಾಡಿಗೆ ಆದ ಡ್ಯಾಮೇಜಿಗೆ ಅಲ್ಲ. ಹಳೆಯವರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಕಂತಿನಲ್ಲಿ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ, ಅದು ಗಾಡಿಯದಲ್ಲ, ಮಾಲೀಕರದು. ಉಳಿದ ಅವಧಿಗೆ ವ್ಯತ್ಯಾಸದ ಹಣ ಕಟ್ಟಬೇಕಾಗುತ್ತದೆ.

ಪ್ರಶ್ನೆ: ಪಾವಗಡದ ಸುತ್ತ ಆಂಧ್ರವೇ. ಹಿಂದೂಪುರದಲ್ಲಿರುವ ಅಣ್ಣನ ಎಪಿ 39 ಕಾರನ್ನು ವಾರಕ್ಕೆರಡು ಸಲ ನಾನು ಓಡಿಸುತ್ತೇನೆ. ತುಮಕೂರಿನ ಹತ್ತಿರ ತಡೆದು 30 ದಿನಕ್ಕಿಂತ ಹೆಚ್ಚಾದರೆ ತೆರಿಗೆ ಕಟ್ಟಬೇಕು ಅಂದರು. ಸರಿಯೇ?
— ಪಾವಗಡದ ಓದುಗರು

30 ದಿನದ ನಿಯಮವನ್ನು ಕರ್ನಾಟಕ 2014ರಲ್ಲಿ ತಂದದ್ದು ನಿಜ, ಹೈಕೋರ್ಟ್ 2016ರಲ್ಲಿ ಅದನ್ನು ಒಪ್ಪಲಿಲ್ಲ. ಕೇಂದ್ರ ಕಾಯ್ದೆಯ 12 ತಿಂಗಳೇ ಅಳತೆ. ಅದೂ ಗಾಡಿ ಇಲ್ಲೇ ನೆಲೆಸಿ 12 ತಿಂಗಳು ದಾಟಿದರೆ. ಹೋಗಿ ಬರುವ ಗಾಡಿಗೆ ಅನ್ವಯಿಸುವುದಿಲ್ಲ.

ಆದರೆ ಹೋಗಿ ಬರುತ್ತದೆ ಎಂದು ತೋರಿಸುವ ಹೊಣೆ ರಸ್ತೆಯಲ್ಲಿ ನಿಮ್ಮ ಮೇಲೇ ಬೀಳುತ್ತದೆ. ಅಣ್ಣನ ಆರ್‌ಸಿ, ವಿಮೆ, ಬಳಸಲು ಅನುಮತಿಸಿದ ಸಹಿ ಪತ್ರ, ಹಿಂದೂಪುರದ ಸರ್ವೀಸ್ ಬಿಲ್ಲು, ಫಾಸ್ಟ್ಯಾಗ್ ಖಾತೆಯ ವಿವರ ಫೋನಿನಲ್ಲಿರಲಿ. ಟೋಲ್ ದಾಟಿದ ದಿನ, ಗಂಟೆ ಅದರಲ್ಲಿ ನಮೂದಾಗಿರುತ್ತದೆ, ವಾದಕ್ಕಿಂತ ಅದು ಗಟ್ಟಿ. ಇದರ ಇನ್ನೊಂದು ಮಗ್ಗುಲೂ ಇದೆ: ಗಾಡಿ ವರ್ಷವಿಡೀ ನಿಮ್ಮ ಮನೆ ಮುಂದೆಯೇ ನಿಂತಿದ್ದರೆ ಅದೇ ಫಾಸ್ಟ್ಯಾಗ್ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ. ಆಗ ತೆರಿಗೆ ಕಟ್ಟಿಬಿಡುವುದೇ ಲೇಸು. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಹೊರರಾಜ್ಯದ ನಂಬರಿನ ಕೋಟಿ ಬೆಲೆಯ ಕಾರುಗಳನ್ನೇ ಸಾರಿಗೆ ಇಲಾಖೆ ಹಿಡಿದು ನಿಲ್ಲಿಸಿತ್ತು.

ಪ್ರಶ್ನೆ: ಇಲ್ಲಿ ತೆರಿಗೆ ಕಟ್ಟಿದ ಮೇಲೆ ಆಂಧ್ರದಲ್ಲಿ ಕಟ್ಟಿದ್ದು ವಾಪಸ್ ಬರುತ್ತದೆಯೇ?
— ಬಾಗೇಪಲ್ಲಿಯ ಓದುಗರು

ಉಳಿದ ಅವಧಿಯ ಪಾಲನ್ನು ಕೇಳಬಹುದು. ಕೇಳಬೇಕಾದದ್ದು ಹಳೆಯ ರಾಜ್ಯದ ಕಚೇರಿಯಲ್ಲಿ, ಕರ್ನಾಟಕದ ಹೊಸ ಆರ್‌ಸಿ ಬಂದ ಮೇಲೆ. ಹಳೆಯ ಆರ್‌ಸಿ ಹಾಗೂ ಎನ್‌ಒಸಿಯ ನಕಲು, ಮೂಲ ತೆರಿಗೆ ರಸೀದಿ, ಇಲ್ಲಿ ಕಟ್ಟಿದ ತೆರಿಗೆಯ ರಸೀದಿ ಬೇಕು. ಆದ್ದರಿಂದ ಮೂಲ ಆರ್‌ಸಿಯನ್ನು ಇಲ್ಲಿ ಒಪ್ಪಿಸುವ ಮುಂಚೆ ಎರಡೂ ಬದಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ.

ಗಾಡಿ ನಿಮ್ಮದೇ ಆಗಿದ್ದು ಊರು ಬದಲಿಸಿದ್ದರೆ ಕೆಲಸ ಸಲೀಸು. ಕೊಂಡ ಗಾಡಿಯಾದರೆ ತೆರಿಗೆ ಕಟ್ಟಿದವರು ಬೇರೆ, ಕೇಳುವವರು ಬೇರೆ ಆಗುತ್ತಾರೆ. ಮರುಪಾವತಿ ಯಾರಿಗೆ ಸೇರಬೇಕೆಂದು ಮಾರಾಟದ ದಿನವೇ ಬರೆದು ಸಹಿ ಹಾಕಿಸಿಕೊಳ್ಳಿ.

ಪ್ರಶ್ನೆ: ಚೆನ್ನೈನ ಕಾರುಗಳು ನಮ್ಮ ಕಡೆ ಬಹಳ ಮಾರಾಟಕ್ಕೆ ಬರುತ್ತಿವೆ. ನೀರಿನಲ್ಲಿ ಮುಳುಗಿದ ಗಾಡಿ ಎಂದು ಗುರುತಿಸುವುದು ಹೇಗೆ?
— ಕೆಜಿಎಫ್‌ನ ಓದುಗರು

ಒಳ್ಳೆಯ ಪ್ರಶ್ನೆ. 2015ರ ಡಿಸೆಂಬರ್‌ನಲ್ಲೂ, 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗಲೂ ಚೆನ್ನೈನಲ್ಲಿ ಸಾಲುಸಾಲು ಕಾರು ಮುಳುಗಿದವು. ವಿಮೆ ಕಂಪನಿಗಳು ಪೂರ್ತಿ ನಷ್ಟವೆಂದು ಪರಿಹಾರ ಕೊಟ್ಟ ಗಾಡಿಗಳನ್ನು ಹರಾಜು ಹಾಕುತ್ತವೆ. ಅವೆಲ್ಲ ಗುಜರಿಗೆ ಹೋಗುವುದಿಲ್ಲ, ಕೆಲವು ತೊಳೆದು ಒರೆಸಿ ಮತ್ತೆ ರಸ್ತೆಗೆ ಬರುತ್ತವೆ.

ಬಿಸಿಲಿನಲ್ಲಿ ನೋಡಿ, ಜೊತೆಗೊಂದು ಟಾರ್ಚ್ ಇರಲಿ. ಮುಂದಿನ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಸುರುಳಿಯೊಳಗೆ ಸದಾ ಸುತ್ತಿಕೊಂಡಿರುವ ಆ ಕೊನೆಯ ಗೇಣುದ್ದವನ್ನು ತೊಳೆಯುವವರು ಕಡಿಮೆ, ಅಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಮೂಸಿಯೂ ನೋಡಿ. ಡ್ರೈವರ್ ಬಾಗಿಲಿನ ಕೆಳಗಿನ ಪ್ಲಾಸ್ಟಿಕ್ ಪಟ್ಟಿ ಎಬ್ಬಿಸಿ ಕಾರ್ಪೆಟ್ಟಿನ ಅಂಚು ಮೇಲೆತ್ತಿ, ಅಡಿಯ ಸ್ಪಂಜನ್ನು ಹಿಚುಕಿ. ಬೆರಳಿಗೆ ನುಣ್ಣನೆಯ ಒಣ ಮಣ್ಣು ಹತ್ತಿದರೆ ಅದು ಚಪ್ಪಲಿಯಿಂದ ಬಂದದ್ದಲ್ಲ. ಸೀಟಿನ ಹಳಿ ಹಿಡಿದ ಬೋಲ್ಟುಗಳ ತಲೆ, ಸ್ಟಿಯರಿಂಗ್ ಕೆಳಗಿನ ಕಬ್ಬಿಣದ ಪಟ್ಟಿ ತುಕ್ಕು ಹಿಡಿದಿದ್ದರೆ ಅನುಮಾನಪಡಿ, ಒಣ ಗಾಡಿಯಲ್ಲಿ ಅಲ್ಲಿ ತುಕ್ಕಿಗೆ ಕೆಲಸವಿಲ್ಲ. ಸೀಟಿನ ಅಡಿಯ ಹಳದಿ ಕನೆಕ್ಟರ್ ಏರ್‌ಬ್ಯಾಗಿನದು, ಅದನ್ನು ಬಿಚ್ಚಬೇಡಿ, ಟಾರ್ಚ್ ಬಿಟ್ಟು ಪಕ್ಕದ ವೈರುಗಳ ತುದಿಯಲ್ಲಿ ಹಸಿರು ಕಿಲುಬು ಇದೆಯೇ ನೋಡಿ. ಮುಳುಗಿದ ಗಾಡಿ ಕೈಕೊಡುವುದು ಇಲ್ಲೇ. ಎಂಜಿನ್ ಬಿಚ್ಚಿ ಸರಿಮಾಡಬಹುದು, ವೈರಿಂಗಿನೊಳಗೆ ಕೂತ ತೇವ ಆರು ತಿಂಗಳ ನಂತರ ಒಂದೊಂದೇ ಸೆನ್ಸರ್ ಕೆಡಿಸುತ್ತ ಹೋಗುತ್ತದೆ.

ಕಾಗದದಲ್ಲೂ ಒಂದು ಸುಳಿವು ಸಿಗುತ್ತದೆ. ಹಿಂದಿನ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಎಷ್ಟಿದೆ ನೋಡಿ. ಕ್ಲೇಮ್ ಇಲ್ಲದಿದ್ದರೆ ಅದು ವರ್ಷ ವರ್ಷ 20, 25, 35, 45, 50 ಎಂದು ಏರುತ್ತದೆ. ಐದು ವರ್ಷದ ಗಾಡಿ, ವಿಮೆ ಎಲ್ಲೂ ತಪ್ಪಿಲ್ಲ, ಒಬ್ಬರೇ ಮಾಲೀಕರು, ಆದರೂ ಬೋನಸ್ ಸೊನ್ನೆ ಅಂದರೆ ಕಳೆದ ವರ್ಷ ಏನೋ ಆಗಿದೆ. ಏನಾಯಿತು ಎಂದು ನೇರವಾಗಿ ಕೇಳಿ, ಗ್ಯಾರೇಜಿನ ಬಿಲ್ಲು ತೋರಿಸಲಿ.

ಪ್ರಶ್ನೆ: ದೆಹಲಿಯ 9 ವರ್ಷದ ಡೀಸೆಲ್ ಎಸ್‌ಯುವಿ ಅರ್ಧ ಬೆಲೆಗೆ ಸಿಗುತ್ತದಂತೆ. ಇಲ್ಲಿ 15 ವರ್ಷದವರೆಗೆ ಓಡಿಸಬಹುದಲ್ಲವೇ?
— ಶಿರಾದ ಓದುಗರು

ಓಡಿಸಬಹುದು. ದೆಹಲಿ ಸುತ್ತಮುತ್ತ ಡೀಸೆಲ್ ಗಾಡಿಗೆ 10 ವರ್ಷದ ಮಿತಿ ಹಾಕಿದ್ದರಿಂದಲೇ ಅಲ್ಲಿ ಅಗ್ಗ. ಆದರೆ ಹತ್ತು ತುಂಬುವ ಮೊದಲೇ ಎನ್‌ಒಸಿ ಆಗಿರಲಿ, ಅವಧಿ ಮುಗಿದ ಮೇಲೆ ತೆಗೆಸುವುದು ತಲೆನೋವಾಗಬಹುದು. ತೆರಿಗೆ ಇಲ್ಲಿಯೂ ಮೂಲ ಬೆಲೆಯ ಮೇಲೇ. 16 ಲಕ್ಷದ ಗಾಡಿಗೆ ಶೇ 17ರಂತೆ 2,72,000, ಹತ್ತನೇ ವರ್ಷದಲ್ಲಿ ಅದರ ಶೇ 49 ಅಂದರೆ 1,33,280, ಮೇಲೆ ಉಪಕರ. ಟ್ರಕ್ಕಿನಲ್ಲಿ ಸಾಗಿಸುವ ಖರ್ಚು, ಎನ್‌ಒಸಿಗೆ ಅಲ್ಲಿಗೆ ಹೋಗಿ ಬರುವ ಖರ್ಚು ಕೂಡಿಸಿಕೊಳ್ಳಿ. ಆಮೇಲೆ ತುಮಕೂರಿನಲ್ಲೇ ಇರುವ ಕೆಎ 06 ಗಾಡಿಯ ಬೆಲೆ ಕೇಳಿ.

15 ತುಂಬಿದ ಮೇಲೆ ಎಫ್‌ಸಿ ಮಾಡಿಸಿ ನೋಂದಣಿ ನವೀಕರಿಸಲು ಕಾರಿಗೆ ಕೇಂದ್ರದ ಶುಲ್ಕ 5,000. 20 ವರ್ಷ ದಾಟಿದರೆ 2025ರ ಆಗಸ್ಟ್‌ನಿಂದ 10,000. 20 ದಾಟಿದ ಆಮದು ಕಾರಿಗಾದರೆ ಅದೇ ಶುಲ್ಕ 80,000. ಶ್ರೀನಿವಾಸಪುರದ ಓದುಗರು ಇದನ್ನೂ ಗಮನಿಸಲಿ.